ಚಿಕ್ಕಪ್ಪ ಕಳಿಸಿದ ‘ಪುಕ್ಕಟೆ ದುಡ್ಡು’ ಫಾರ್ವರ್ಡ್: ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತು

ಸಾಗರದ ಚಿಕ್ಕಪ್ಪ: (ಫಾರ್ವರ್ಡ್ ಆದ ಚಿತ್ರ) “ಎಲ್ಲರಿಗೂ ತಿಂಗಳು ತಿಂಗಳು ಪುಕ್ಕಟೆ ದುಡ್ಡು ಕೊಟ್ಟರೆ ದುಡಿಯುವವರು ಯಾರು? ದೇಶ ಸೋಮಾರಿಗಳ ಪಾಲಾಗುತ್ತೆ. ಒಪ್ಪುವವರು ಹತ್ತು ಜನಕ್ಕೆ ಕಳಿಸಿ.”

ಸಾಗರದ ಚಿಕ್ಕಪ್ಪ: ಎಲ್ಲರೂ ಓದಿ. ನೂರಕ್ಕೆ ನೂರು ಸತ್ಯ.

ಬೆಂಗಳೂರು ಭಾವ: ಸರಿಯಾಗಿ ಹೇಳಿದ್ದಾರೆ.

ದೊಡ್ಡಮ್ಮ: ಎಲ್ಲರಿಗೂ ಅಂದರೆ ನಮಗೂನಾ?

ನಾನು: ಹೌದು ದೊಡ್ಡಮ್ಮ. ನಿಮಗೂ, ನನಗೂ, ನಿಮ್ಮ ಮನೆಗೆ ಹಾಲು ಹಾಕುವವನಿಗೂ. ಸಾರ್ವತ್ರಿಕ ಮೂಲ ಆದಾಯ ಅನ್ನುತ್ತಾರೆ. ಕಾರ್ಡ್ ಯಾವುದು, ಕೆಲಸ ಇದೆಯಾ, ಮದುವೆ ಆಗಿದೆಯಾ ಅಂತ ಏನೂ ಕೇಳದೆ ಪ್ರತಿಯೊಬ್ಬರ ಖಾತೆಗೂ ತಿಂಗಳಿಗೆ ಇಷ್ಟು ಅಂತ ಹಾಕೋದು. ಚಿಕ್ಕಪ್ಪ, ಈ ಫಾರ್ವರ್ಡ್ ನಾನು ಒಪ್ಪಲ್ಲ. ಹತ್ತು ಜನಕ್ಕೆ ಕಳಿಸುವ ಮುಂಚೆ ನನ್ನ ಮಾತೂ ಸ್ವಲ್ಪ ಕೇಳಿ.

ಸಾಗರದ ಚಿಕ್ಕಪ್ಪ: ಕೇಳೋದೇನು? ಈ ಸಲ ಅಡಿಕೆ ಕೊನೆ ಕೊಯ್ಲಿಗೆ ಜನ ಸಿಗದೆ ನಾನು ಪಟ್ಟ ಪಾಡು ನಿನಗೆ ಗೊತ್ತಾ? ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನಿಗೆ ಫೋನ್ ಮಾಡಿ ಮಾಡಿ ಸಾಕಾಯಿತು. ಅಡಿಕೆ ಸುಲಿಯೋಕೆ ಬರುತ್ತಿದ್ದ ಹೆಂಗಸರು ಅರ್ಧಕ್ಕರ್ಧ ಬರಲಿಲ್ಲ. ಮನೆ ಬಾಗಿಲಿಗೆ ಎರಡು ಸಾವಿರ ಬಂದರೆ ಯಾರು ಬರುತ್ತಾರೆ?

ನಾನು: ನಿಮ್ಮ ಕಷ್ಟ ಸುಳ್ಳಲ್ಲ. ಆದರೆ ಮನೆ ಯಜಮಾನಿಗೆ ಆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ ಶುರುವಾಗಿದ್ದು 2023ರ ಆಗಸ್ಟ್ ಕೊನೆಗೆ. ಕೊನೆಗೌಡ ಸಿಗುತ್ತಿಲ್ಲ ಅಂತ ನೀವೂ ಅಪ್ಪನೂ ಜಗಲಿ ಮೇಲೆ ಕೂತು ಮಾತಾಡುತ್ತಿದ್ದಾಗ ನಾನಿನ್ನೂ ಹೈಸ್ಕೂಲು. ಅವರ ಮಕ್ಕಳು ಮರ ಹತ್ತೋದು ಕಲಿಯಲಿಲ್ಲ, ಬೆಂಗಳೂರು ಬಸ್ ಹತ್ತಿದರು, ನಮ್ಮನೆ ಮಕ್ಕಳು ಹೋದ ಹಾಗೆಯೇ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಖಾತೆಗೆ 2019ರಿಂದ ಪಿಎಂ ಕಿಸಾನ್ ದುಡ್ಡು ಬರುತ್ತಿದೆ. ವರ್ಷಕ್ಕೆ 6,000, ಮೂರು ಕಂತು. ಎಷ್ಟು ದುಡಿದಿರಿ ಅಂತ ಯಾರೂ ಲೆಕ್ಕ ಕೇಳಲ್ಲ. ಅದು ಬಂತು ಅಂತ ನೀವು ಒಂದು ದಿನವಾದರೂ ತೋಟಕ್ಕೆ ಹೋಗದೆ ಕೂತಿದ್ದೀರಾ? ಮಳೆ ಬಿಟ್ಟ ಹೊತ್ತು ನೋಡಿ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಸಬೇಕು ಅಂತ ಬೆಳಗಿನ ಜಾವ ಎದ್ದು ಆಕಾಶ ನೋಡುವವರು ನೀವು. ನಿಮ್ಮನ್ನು ಸೋಮಾರಿ ಮಾಡದ ದುಡ್ಡು ಸುಲಿಯೋಕೆ ಬರುವವಳನ್ನು ಮಾತ್ರ ಹೇಗೆ ಸೋಮಾರಿ ಮಾಡುತ್ತೆ? ಅವಳ ಹೆಸರಲ್ಲಿ ಜಮೀನಿಲ್ಲ, ಹಾಗಾಗಿ ಆ 6,000ವೂ ಅವಳಿಗಿಲ್ಲ.

ಬೆಂಗಳೂರು ಭಾವ: ಇದೆಲ್ಲ ಕೇಳೋಕೆ ಚೆನ್ನಾಗಿದೆ. ಲೆಕ್ಕ ಮಾಡೋಣ. 140 ಕೋಟಿ ಜನ, ತಲೆಗೆ ತಿಂಗಳಿಗೆ ಬರೀ ಸಾವಿರ ಅಂದರೂ ವರ್ಷಕ್ಕೆ 16 ಲಕ್ಷ 80 ಸಾವಿರ ಕೋಟಿ. ಎಲ್ಲಿಂದ ತರುತ್ತೀಯ? ಮತ್ತೆ ಅಮೆರಿಕದಲ್ಲಿ ಮೂರು ವರ್ಷ ತಿಂಗಳಿಗೆ ಸಾವಿರ ಡಾಲರ್ ಕೊಟ್ಟು ನೋಡಿದರು. 2024ರಲ್ಲಿ ವರದಿ ಬಂತು. ಜನ ಕೆಲಸ ಕಡಿಮೆ ಮಾಡಿದರು. ಅದನ್ನು ಯಾಕೆ ಹೇಳಲ್ಲ?

ನಾನು: ಹೇಳುತ್ತೇನೆ ಭಾವ. ಕಡಿಮೆ ಆಗಿದ್ದು ನಿಜ, ವಾರಕ್ಕೆ ಸುಮಾರು ಒಂದೂಕಾಲು ಗಂಟೆ. ದಿನಕ್ಕೆ ಹತ್ತು ಹನ್ನೆರಡು ನಿಮಿಷ. ದೇಶ ಮುಳುಗುವಷ್ಟು ಅಲ್ಲ.

ಆದರೆ ಅಮೆರಿಕಕ್ಕೆ ಯಾಕೆ ಹೋಗಬೇಕು, ನಮ್ಮ ದೇಶದಲ್ಲೇ ಮಾಡಿ ನೋಡಿದ್ದಾರೆ. 2011ರಲ್ಲಿ ಮಧ್ಯಪ್ರದೇಶದಲ್ಲಿ, ಇಂದೋರ್ ಕಡೆಯ ಹಳ್ಳಿಗಳಲ್ಲಿ. ‘ಸೇವಾ’ (SEWA) ಅನ್ನುವ ದುಡಿಯುವ ಹೆಂಗಸರ ಸಂಘಟನೆಯವರು, ಯುನಿಸೆಫ್ ದುಡ್ಡಿನಲ್ಲಿ. ಎಂಟು ಹಳ್ಳಿಯ ಎಲ್ಲರಿಗೂ, ಆಮೇಲೆ ಒಂದು ಆದಿವಾಸಿ ಹಳ್ಳಿಗೂ. ದೊಡ್ಡವರಿಗೆ ತಿಂಗಳಿಗೆ 200, ಮಕ್ಕಳಿಗೆ 100, ಒಂದು ವರ್ಷ ಆದಮೇಲೆ 300 ಮತ್ತು 150. ಮಕ್ಕಳ ದುಡ್ಡು ತಾಯಿ ಕೈಗೆ. ಅಷ್ಟೇ ಚಿಕ್ಕ ಮೊತ್ತ. ದುಡ್ಡು ಕೊಡದ ಅಕ್ಕಪಕ್ಕದ ಹಳ್ಳಿಗಳ ಜೊತೆ ಹೋಲಿಸಿ ನೋಡಿದರು. ಮಕ್ಕಳ ತೂಕ ಸುಧಾರಿಸಿತ್ತು, ಅದರಲ್ಲೂ ಹೆಣ್ಣುಮಕ್ಕಳದ್ದು. ಜನ ಆಡು, ಕೋಳಿ ಕೊಂಡರು, ಬಿತ್ತನೆ ಬೀಜ ಕೊಂಡರು. ಕುಡಿತ ಜಾಸ್ತಿ ಆಗಲಿಲ್ಲ. ಕೆಲಸವೂ ನಿಲ್ಲಲಿಲ್ಲ. ಒಂದು ಬದಲಾವಣೆ ಮಾತ್ರ ಆಯಿತು: ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದವರು ತಮ್ಮದೇ ತುಂಡು ಜಮೀನಿನಲ್ಲಿ ಜಾಸ್ತಿ ದುಡಿಯತೊಡಗಿದರು.

ಚಿಕ್ಕಪ್ಪ, ಇದನ್ನು ನಿಮಗೆ ಮುಚ್ಚಿಡಲ್ಲ. ಎಲ್ಲರಿಗೂ ದುಡ್ಡು ಬಂದರೆ ನಿಮ್ಮ ತೋಟಕ್ಕೆ ಬರುವವರು ಇನ್ನೂ ಸ್ವಲ್ಪ ಕಡಿಮೆ ಆಗಬಹುದು, ಕೂಲಿ ಜಾಸ್ತಿ ಕೇಳಬಹುದು. ಅದು ಸೋಮಾರಿತನ ಅಲ್ಲ. ನಾಳೆ ಒಲೆ ಹತ್ತಲ್ಲ ಅನ್ನುವ ಭಯಕ್ಕೆ ಸಿಕ್ಕಿದ ಕೂಲಿಗೆ ಬರುತ್ತಿದ್ದವರಿಗೆ ಆ ಭಯ ಹೋಗಿದೆ ಅಂತ ಅರ್ಥ. ನನಗೆ ಬೇಕಾಗಿರೋದೂ ಅದೇ.

ಸಾಗರದ ಚಿಕ್ಕಪ್ಪ: ಸರಿ, ಬಡವರಿಗೆ ಕೊಡಲಿ. ಬೇಡ ಅಂದವರು ಯಾರು? ಎಲ್ಲರಿಗೂ ಯಾಕೆ? ಭಾವನಿಗೆ ಯಾಕೆ?

ನಾನು: ಇಡೀ ವಿಷಯ ಇರೋದೇ ಇಲ್ಲಿ ಚಿಕ್ಕಪ್ಪ. ನಾನು ಬ್ಯಾಂಕ್ ಕೌಂಟರಿನಲ್ಲಿ ಕೂತು ಒಂಬತ್ತು ವರ್ಷ ಆಯಿತು. ಬಡವರನ್ನು ಆರಿಸಿ ಕೊಡುತ್ತೇವೆ ಅಂದಾಗ ಏನಾಗುತ್ತೆ ಅಂತ ದಿನಾ ನೋಡುತ್ತೇನೆ.

ಹೋದ ತಿಂಗಳು ಒಬ್ಬ ಹೆಂಗಸು ಬಂದಿದ್ದರು. ಪಾಸ್‌ಬುಕ್ಕನ್ನು ಹಾಲಿನ ಕವರಿನಲ್ಲಿ ಸುತ್ತಿ, ಅದರ ಮೇಲೆ ರಬ್ಬರ್ ಬ್ಯಾಂಡ್ ಹಾಕಿ ತಂದಿದ್ದರು. ಪಕ್ಕದ ಮನೆಯವಳಿಗೆ ಕಂತು ಬಿದ್ದಿದೆ, ನನಗೆ ಬಿದ್ದಿಲ್ಲ ಅಂದರು. ಎಂಟ್ರಿ ಹಾಕಿಕೊಟ್ಟೆ. ಐದು ತಿಂಗಳಿಂದ ಒಂದು ರೂಪಾಯಿ ಇಲ್ಲ. ಆಧಾರ್ ಹಾಕಿ ನೋಡಿದರೆ ಮ್ಯಾಪಿಂಗ್, ಅಂದರೆ ಸರ್ಕಾರದ ದುಡ್ಡು ಯಾವ ಬ್ಯಾಂಕಿಗೆ ಬೀಳಬೇಕು ಅನ್ನುವ ಜೋಡಣೆ, ಬೇರೆ ಬ್ಯಾಂಕಿಗೆ ಇದೆ. ನನಗೆ ಬೇರೆ ಖಾತೆಯೇ ಇಲ್ಲ ಅನ್ನುತ್ತಾರೆ. ಆಮೇಲೆ ನೆನಪಾಯಿತು, ಊರಿಗೆ ಸಿಮ್ ಮಾರೋಕೆ ಬಂದಿದ್ದ ಹುಡುಗ ಎರಡು ಸಲ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಅವತ್ತೇ ಅವರಿಗೇ ಗೊತ್ತಿಲ್ಲದ ಹಾಗೆ ಖಾತೆ ತೆರೆದುಬಿಟ್ಟಿದ್ದ. ದುಡ್ಡು ಅಲ್ಲಿ ಹೋಗಿ ಬೀಳುತ್ತಿತ್ತು. ಇದನ್ನು ಸರಿ ಮಾಡೋಕೆ ಅವರು ಮೂರು ಸಲ ಓಡಾಡಿದರು, ಮೂರು ದಿನದ ಕೂಲಿ ಹೋಯಿತು. ಮೂರನೇ ಸಲ ಬಂದಾಗ ನನ್ನ ಮುಂದೆ ಕೈ ಜೋಡಿಸಿ ನಿಂತರು. ತಮ್ಮದೇ ದುಡ್ಡಿಗೆ. ನನಗೆ ತಲೆ ಎತ್ತಿ ನೋಡೋಕೆ ಆಗಲಿಲ್ಲ.

ತುಮಕೂರು ತಂಗಿ: ಅಕ್ಕ, ನಮ್ಮನೆ ಕಾರ್ಡಿನಲ್ಲಿ ಯಜಮಾನಿ ನಮ್ಮತ್ತೆ. ಎರಡು ಸಾವಿರ ಅವರಿಗೆ. ನಾನು ಸೋಪು ತರಬೇಕು ಅಂದರೂ ಇವರನ್ನೇ ಕೇಳಬೇಕು. ನನ್ನ ಹೆಸರಿಗೆ ಏನೂ ಇಲ್ಲ.

ನಾನು: ನೋಡಿ, ಇದನ್ನೇ ಹೇಳುತ್ತಿರೋದು. ಮನೆಗೊಂದು ಅಂದರೆ ಮನೆಯೊಳಗೆ ಒಬ್ಬರ ಕೈಗೆ. ತಲೆಗೊಂದು ಅಂದರೆ ಅವಳಿಗೂ ಇದೆ, ಅವಳ ಅತ್ತೆಗೂ ಇದೆ. ಇಬ್ಬರೂ ಯಾರ ಮುಂದೆಯೂ ಕೈ ಚಾಚಬೇಕಾಗಿಲ್ಲ. ಗಂಡ ತೆರಿಗೆ ಕಟ್ಟಿದರೆ ಹೆಂಡತಿಗೆ ಇಲ್ಲ ಅನ್ನುವ ನಿಯಮ ಇದೆಯಲ್ಲ, ಗಂಡನ ಸಂಬಳ ಹೆಂಡತಿ ಕೈಗೆ ಬರುತ್ತೆ ಅಂತ ಯಾರು ಹೇಳಿದರು?

ಶಕ್ತಿ ಯೋಜನೆ ನೆನಪು ಮಾಡಿಕೊಳ್ಳಿ. 2023ರ ಜೂನ್ 11ರಿಂದ ಬಸ್ ಹತ್ತುವ ಹೆಂಗಸನ್ನು ಕಂಡಕ್ಟರ್ ಬಿಪಿಎಲ್ ಕಾರ್ಡ್ ಇದೆಯಾ ಅಂತ ಕೇಳಲ್ಲ. ಕರ್ನಾಟಕದವರು ಅನ್ನೋದಕ್ಕೆ ಒಂದು ಗುರುತಿನ ಚೀಟಿ ತೋರಿಸಿದರೆ ಪುಕ್ಕಟೆ ಟಿಕೆಟ್ ಹರಿದು ಕೊಡುತ್ತಾರೆ. ಗಾರ್ಮೆಂಟ್ಸ್ ಹುಡುಗಿಯೂ ಟೀಚರೂ ಒಂದೇ ಸೀಟಿನಲ್ಲಿ ಕೂರುತ್ತಾರೆ. ಯಾರೂ ಯಾರ ಮುಂದೆಯೂ ಬಡವಿ ಅಂತ ಸಾಬೀತು ಮಾಡಬೇಕಾಗಿಲ್ಲ. ನನ್ನ ಕೌಂಟರಿಗೂ ಆ ಬಸ್ಸಿಗೂ ಇರುವ ವ್ಯತ್ಯಾಸ ಅದೊಂದೇ, ‘ಎಲ್ಲರಿಗೂ’ ಅನ್ನುವ ಮಾತು.

ಬೆಂಗಳೂರು ಭಾವ: ದುಡ್ಡು ಎಲ್ಲಿಂದ ಅನ್ನೋದಕ್ಕೆ ಉತ್ತರ ಬರಲಿಲ್ಲ.

ನಾನು: ಬಂದೆ. 2016-17ರ ಆರ್ಥಿಕ ಸಮೀಕ್ಷೆಯಲ್ಲಿ ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಇದಕ್ಕೇ ಒಂದು ಅಧ್ಯಾಯ ಕೊಟ್ಟರು. ಅದು ಕೇಂದ್ರ ಸರ್ಕಾರದ್ದೇ ದಾಖಲೆ. ತಲೆಗೆ ವರ್ಷಕ್ಕೆ 7,620 ರೂಪಾಯಿ, ನೂರಕ್ಕೆ 75 ಜನಕ್ಕೆ ಕೊಟ್ಟರೆ ಜಿಡಿಪಿಯ, ಅಂದರೆ ದೇಶದ ಒಟ್ಟು ವಾರ್ಷಿಕ ಉತ್ಪನ್ನದ, ಶೇ. 4.9 ಆಗುತ್ತೆ ಅಂತ ಲೆಕ್ಕ. ಆಗ ಕೇಂದ್ರದ ಸುಮಾರು 950 ಯೋಜನೆಗಳಿಗೆ ಹೋಗುತ್ತಿದ್ದದ್ದೂ ಹತ್ತಿರ ಹತ್ತಿರ ಶೇ. 5. ಹಾಗಂತ ಎಲ್ಲ ಯೋಜನೆ ಮುಚ್ಚಿ ಅಂತ ನಾನು ಹೇಳಲ್ಲ. ರೇಷನ್ ಅಕ್ಕಿ, ಶಾಲೆ ಬಿಸಿಯೂಟ, ಸರ್ಕಾರಿ ಆಸ್ಪತ್ರೆ ಮುಟ್ಟಲೇಬಾರದು. ಅದನ್ನು ಕಿತ್ತುಕೊಂಡು ಸಾವಿರ ರೂಪಾಯಿ ಕೈಗಿಟ್ಟರೆ ಅದು ಮೋಸ. ಜಾಸ್ತಿ ದುಡ್ಡಿರುವವರ ಮೇಲೆ ತೆರಿಗೆ ಜಾಸ್ತಿ ಮಾಡಬೇಕಾಗುತ್ತೆ, ಹೌದು. ನಿಮಗೂ ಸಾವಿರ ಬರುತ್ತೆ ಭಾವ, ಅದಕ್ಕಿಂತ ಜಾಸ್ತಿ ತೆರಿಗೆಯಲ್ಲಿ ವಾಪಸ್ ಹೋಗುತ್ತೆ. ಕೆಲಸ ಹೋದ ತಿಂಗಳು ಮಾತ್ರ ಹೋಗಲ್ಲ. ನಿಮ್ಮ ಆಫೀಸಿನಲ್ಲಿ ಜನರನ್ನು ತೆಗೆದಾಗ ನೀವು ಎರಡು ತಿಂಗಳು ನಿದ್ದೆ ಮಾಡಲಿಲ್ಲ ಅಂತ ಅಕ್ಕ ಹೇಳುತ್ತಿದ್ದಳು.

ಒಂದೇ ದಿನ ಎಲ್ಲ ಆಗಬೇಕು ಅಂತಲೂ ಇಲ್ಲ. 60 ದಾಟಿದ ಪ್ರತಿಯೊಬ್ಬರಿಂದ ಶುರು ಮಾಡಲಿ. ಈಗ ವೃದ್ಧಾಪ್ಯ ವೇತನಕ್ಕೆ ಕೇಂದ್ರದ ಪಾಲು ಎಷ್ಟು ಗೊತ್ತಾ? 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ, ಅದೂ ಬಡವರ ಪಟ್ಟಿಯಲ್ಲಿ ಇದ್ದವರಿಗೆ ಮಾತ್ರ.

ದೊಡ್ಡಮ್ಮ: ನಾನು ಒಂದು ಮಾತು ಹೇಳಲಾ? ನನಗೆ ಆ ಎರಡು ಸಾವಿರ ಬರುತ್ತೆ. ಬಿಪಿ ಮಾತ್ರೆ, ಕಣ್ಣಿನ ಡ್ರಾಪ್ಸ್ ನಾನೇ ತಂದುಕೊಳ್ಳುತ್ತೇನೆ. ಮಗ ಕೊಡಲ್ಲ ಅಂತಲ್ಲ. ಕೇಳಬೇಕಲ್ಲ, ಅದು ಕಷ್ಟ.

ಬೆಂಗಳೂರು ಭಾವ: ಸಮೀಕ್ಷೆಯ ಆ ಅಧ್ಯಾಯ ಇದ್ದರೆ ಕಳಿಸು. ಓದಿ ಹೇಳುತ್ತೇನೆ. ತೆರಿಗೆ ವಿಷಯ ನಾನಿನ್ನೂ ಒಪ್ಪಿಲ್ಲ.

ಸಾಗರದ ಚಿಕ್ಕಪ್ಪ: ನಾನೂ ಪೂರ್ತಿ ಒಪ್ಪಿಲ್ಲ. ಕೂಲಿ ಇನ್ನೂ ಏರಿದರೆ ಚಿಕ್ಕ ತೋಟದವರು ಏನು ಮಾಡಬೇಕು ಅಂತ ನೀನು ಹೇಳಲಿಲ್ಲ. ಅದಿರಲಿ. ನಮ್ಮಲ್ಲಿ ಸುಲಿಯೋಕೆ ಬರುವ ಒಬ್ಬಳು ದುಡ್ಡು ಬಂದೇ ಇಲ್ಲ ಅಂತ ಗೋಳಾಡುತ್ತಿದ್ದಳು. ಸುಳ್ಳು ಹೇಳುತ್ತಾಳೆ ಅಂದುಕೊಂಡಿದ್ದೆ. ನೀನು ಹೇಳಿದ್ದೇ ಆಗಿರಬಹುದಾ?

ನಾನು: ಆಗಿರಬಹುದು ಚಿಕ್ಕಪ್ಪ. ಆಧಾರ್ ಕಾರ್ಡು, ಪಾಸ್‌ಬುಕ್ಕು, ಆಧಾರ್‌ಗೆ ಕೊಟ್ಟ ಮೊಬೈಲು, ಮೂರೂ ತರಲಿ. ಸೋಮವಾರ ರಶ್ ಇರುತ್ತೆ, ಮಂಗಳವಾರ ಹನ್ನೊಂದರ ಮೇಲೆ ಕಳಿಸಿ. ಅವತ್ತಿನ ಕೂಲಿ ಮಾತ್ರ ಹಿಡಿಯಬೇಡಿ.