‘ಉತ್ತರದ ಮೈತ್ರಿಕೂಟ’ಕ್ಕೆ ಬೇರೆ ಪದವಿದೆಯೇ?

ಬಲ್ಲವರಲ್ಲಿ ಒಂದು ಪ್ರಶ್ನೆ. ಅಫ್ಗಾನಿಸ್ತಾನದ ಅಂತರ್ಯುದ್ಧದ ಬಗ್ಗೆ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 1996ರ ಸೆಪ್ಟೆಂಬರಿನಲ್ಲಿ ತಾಲಿಬಾನಿಗಳು ಕಾಬೂಲನ್ನು ಹಿಡಿದ ಮೇಲೆ ಅವರ ಎದುರಾಳಿಗಳು ಸೇರಿ ಕಟ್ಟಿಕೊಂಡ ‘ನಾರ್ದರ್ನ್ ಅಲಯನ್ಸ್’ ಅನ್ನು ‘ಉತ್ತರದ ಮೈತ್ರಿಕೂಟ’ ಎಂದು ಬರೆದಿದ್ದೆ. ಕರಡು ಓದುತ್ತಿದ್ದ ತಂಗಿ ಎರಡನೆಯ ಪ್ಯಾರಾದಲ್ಲೇ ತಲೆಯೆತ್ತಿ, “ಇವರು ಎಷ್ಟು ಸೀಟು ಗೆದ್ದರು?” ಎಂದಳು. ಅಲ್ಲಿಂದ ಆ ಪದ ನನಗೆ ಹಲ್ಲಿಗೆ ಸಿಕ್ಕ ಕಲ್ಲಾಗಿದೆ.

ಮೈತ್ರಿ ಎಂದರೆ ಗೆಳೆತನ ತಾನೇ? ಇಲ್ಲಿ ಗೆಳೆತನ ಎಲ್ಲಿತ್ತು? ತಾಜಿಕ್ ನಾಯಕ ಅಹ್ಮದ್ ಶಾ ಮಸೂದ್ ಕಾಯುತ್ತಿದ್ದ ಕಾಬೂಲಿನ ಮೇಲೆ ಉಜ್ಬೆಕ್ ನಾಯಕ ದೋಸ್ತುಮ್ 1994ರ ಜನವರಿಯಲ್ಲಿ ಮಸೂದನ ಹಳೆಯ ಎದುರಾಳಿ ಹೆಕ್ಮತ್ಯಾರ್ ಜೊತೆ ಸೇರಿ ಏರಿಹೋಗಿದ್ದ. ಹಜಾರಾ ಜನರ ಪಕ್ಷವಾದ ಹಿಜ್ಬ್-ಎ-ವಹ್ದತ್‌ಗೂ ಮಸೂದನ ಪಡೆಗೂ ಪಶ್ಚಿಮ ಕಾಬೂಲಿನಲ್ಲಿ ಅದಕ್ಕೂ ಮೊದಲೇ ರಕ್ತ ಹರಿದಿತ್ತು. ದೋಸ್ತುಮ್‌ನ ಆ ದಾಳಿಗೆ ಮೂರು ವರ್ಷ ತುಂಬುವ ಮೊದಲೇ ಮಸೂದ್, ದೋಸ್ತುಮ್, ವಹ್ದತ್ ಎಲ್ಲ ಒಂದು ಕಡೆ! 1997ರ ಮೇ ತಿಂಗಳಲ್ಲಂತೂ ದೋಸ್ತುಮ್‌ನ ಕೈಕೆಳಗಿದ್ದ ಮಲಿಕ್ ತಾಲಿಬಾನಿಗಳನ್ನು ಉತ್ತರದ ಮಜಾರ್-ಎ-ಶರೀಫ್ ನಗರಕ್ಕೆ ಕರೆತಂದು, ಕೆಲವೇ ದಿನಗಳಲ್ಲಿ ಅವರ ಮೇಲೂ ತಿರುಗಿಬಿದ್ದ. ಅಂದಹಾಗೆ, ‘ದೋಸ್ತುಮ್’ ಎಂದರೆ ತುರ್ಕಿ ಬಳಗದ ನುಡಿಗಳಲ್ಲಿ ‘ನನ್ನ ಗೆಳೆಯ’. ನಮ್ಮ ‘ದೋಸ್ತಿ ಸರ್ಕಾರ’ದ ದೋಸ್ತಿಯೂ ಇದೇ ಪಾರಸಿ ಬೇರಿನದು. ಆ ದೋಸ್ತಿಗಳು ಎಷ್ಟು ದಿನ ಬಾಳಿದವೆಂದು ನಿಮಗೆ ನೆನಪಿದ್ದೀತು.

‘ಉತ್ತರ’ವೂ ಸರಿಯಿಲ್ಲ. ಹಜಾರಾಗಳ ನೆಲೆ ದೇಶದ ನಡುಭಾಗದ ಬೆಟ್ಟಗಳಲ್ಲಿ. ಕೂಟದಲ್ಲಿದ್ದ ಪಶ್ತೂನ್ ನಾಯಕ ಹಾಜಿ ಅಬ್ದುಲ್ ಖದೀರ್ ಪೂರ್ವದ ಜಲಾಲಾಬಾದಿನವನು. ಅದು ಹೊರಗಿನವರು ಅಂಟಿಸಿದ ಹೆಸರು. ಅವರು ತಮ್ಮನ್ನು ಕರೆದುಕೊಂಡದ್ದು ‘ಜಬ್ಹೆ-ಯೆ ಮುತ್ತಹಿದ್’ ಎಂದು. ‘ಮುತ್ತಹಿದ್’ ಎಂದರೆ ಒಂದಾದ. ‘ಜಬ್ಹೆ’ ಅರಬ್ಬಿಯ ‘ಜಬ್ಹ’ದಿಂದ ಬಂದದ್ದು, ಮೂಲದಲ್ಲಿ ಹಣೆ, ಆಮೇಲೆ ಸೇನೆಯ ಮುಂಚೂಣಿ.

ಹಾಗಾದರೆ ‘ಸಂಯುಕ್ತ ರಂಗ’ ಎನ್ನೋಣವೇ? ರಣರಂಗದ ನೆರಳಿರುವುದರಿಂದ ‘ರಂಗ’ ನನಗೆ ಇಷ್ಟ. ಆದರೆ ಕ್ರಾಂತಿ ರಂಗ, ಜನತಾ ರಂಗ, ತೃತೀಯ ರಂಗಗಳನ್ನು ಕಂಡ ಓದುಗರಿಗೆ ಅದೂ ಮತಪೆಟ್ಟಿಗೆಯನ್ನೇ ನೆನಪಿಸೀತು. ‘ಒಕ್ಕೂಟ’ ಎಂದರೆ ಹಾಲು ಉತ್ಪಾದಕರು ಕಣ್ಣ ಮುಂದೆ ಬರುತ್ತಾರೆ. ಕೂಡುಕುಟುಂಬದ ಮಾದರಿಯಲ್ಲಿ ‘ಕೂಡುಪಡೆ’ ಎಂದು ಹೊಸೆದು ನೋಡಿದೆ. ಒಂದೇ ಸೂರಿನಡಿ ಇದ್ದು ಅಣ್ಣತಮ್ಮಂದಿರು ಮಾತುಬಿಟ್ಟಿರುವ ಮನೆಗಳನ್ನು ಬಲ್ಲವರಿಗೆ ಅದರ ರುಚಿ ತಿಳಿಯುತ್ತದೆ. ಆದರೆ ಅದು ಒಬ್ಬ ದಂಡನಾಯಕನ ಒಂದೇ ಸೈನ್ಯವೆಂಬಂತೆ ಕೇಳಿಸುತ್ತದೆ. ಇಲ್ಲಿ ಪ್ರತಿಯೊಬ್ಬನ ಆಳು, ಬಂದೂಕು, ಬೊಕ್ಕಸ ಎಲ್ಲ ಬೇರೆ ಬೇರೆ.

ಒಳಗಿನ ಗುಂಪುಗಳಿಗೆ ‘ಬಣ’ ಎಂದೇ ಇಟ್ಟುಕೊಂಡಿದ್ದೇನೆ. ‘ಪಂಗಡ’ವನ್ನು ತಾಜಿಕ್, ಹಜಾರಾ, ಉಜ್ಬೆಕ್ ಎಂಬ ಜನಭೇದಕ್ಕೆ ಮೀಸಲಿಟ್ಟೆ. ಯಾಕೆಂದರೆ ಒಂದೇ ಪಂಗಡದಲ್ಲಿ ಎರಡು ಬಣಗಳಿದ್ದದ್ದುಂಟು. ‘ವಾರ್‌ಲಾರ್ಡ್’ಗೆ ‘ಯುದ್ಧಪ್ರಭು’ ಎಂಬ ಪೆಡಸು ಪದಕ್ಕಿಂತ ನಮ್ಮ ‘ಪಾಳೆಯಗಾರ’ನೇ ವಾಸಿ ಅನ್ನಿಸಿತು, ಇದಕ್ಕೆ ಯಾರದಾದರೂ ತಕರಾರಿದ್ದರೆ ಹೇಳಿ.

ಮುಖ್ಯವಾಗಿ ಕೇಳಬೇಕಾದದ್ದು ಇದು: ನಿನ್ನೆ ಒಬ್ಬರನ್ನೊಬ್ಬರು ಕೊಂದವರು ಇವತ್ತಿನ ಹಗೆಯೊಬ್ಬನ ಎದುರು ತಮ್ಮ ತಮ್ಮ ದಂಡಿನೊಡನೆ ಸೇರಿಕೊಳ್ಳುವುದಕ್ಕೆ ಹಳಗನ್ನಡ ಕಾವ್ಯಗಳಲ್ಲೋ, ಬಖೈರುಗಳಲ್ಲೋ, ನಿಮ್ಮ ಸೀಮೆಯ ಲಾವಣಿಗಳಲ್ಲೋ ಗೆಳೆತನದ ಸೋಂಕಿಲ್ಲದ ಪದವನ್ನು ಯಾರಾದರೂ ಕಂಡಿದ್ದೀರಾ? ಸಿಕ್ಕ ಸಾಲನ್ನೂ ಜೊತೆಗೆ ಬರೆದರೆ ಉಪಕಾರವಾಗುತ್ತದೆ.