ಹಳೆಯ ಅಡೆಗಲ್ಲು, ಇಕ್ಕಳ, ಒಳ್ಳೆಯ ಗುಜರಿ ಉಕ್ಕು: ತಿಪಟೂರಿನ ಆಸುಪಾಸಿನಲ್ಲಿ ಎಲ್ಲಿ ಹುಡುಕಲಿ?

ಹುಳಿಯಾರು ರಸ್ತೆ:

ತಿಪಟೂರು ತಾಲ್ಲೂಕಿನವನು ನಾನು. ತೆಂಗು, ಜೊತೆಗೆ ಒಂದಿಷ್ಟು ರಾಗಿ. ನಮ್ಮೂರ ಕುಲುಮೆ ಆರಿ ಬಹಳ ಕಾಲವಾಯಿತು. ಕುಡುಗೋಲಿಗೆ ಕಕ್ಕು ಹಾಕಿಸಲು, ಮಚ್ಚು ಹಣಿಸಲು ಈಗ ಪೇಟೆಗೇ ಹೋಗಬೇಕು. ಅಲ್ಲಿನ ವೆಲ್ಡಿಂಗ್ ಅಂಗಡಿಯಲ್ಲಿ ಗ್ರೈಂಡರ್ ಹಿಡಿದು, ಬಾಯಿ ನೀಲಿಯಾಗುವವರೆಗೆ ಉಜ್ಜಿ ಕೊಡುತ್ತಾರೆ. ಒಂದು ಗರಿ ಕಡಿಯುವಷ್ಟರಲ್ಲಿ ಮೊಂಡು. ಆದ್ದರಿಂದ ಕೊಟ್ಟಿಗೆಯ ಪಕ್ಕದಲ್ಲಿ ನಾನೇ ಒಂದು ಚಿಕ್ಕ ಕುಲುಮೆ ಹೂಡಬೇಕೆಂದಿದ್ದೇನೆ. ಮಾರಾಟಕ್ಕಲ್ಲ, ಮನೆಯ ಮತ್ತು ಅಕ್ಕಪಕ್ಕದವರ ಕತ್ತಿ ಕುಡುಗೋಲುಗಳಿಗೆ.

ಇದ್ದಿಲಿಗೆ ಯೋಚನೆಯಿಲ್ಲ, ನಮ್ಮಲ್ಲಿ ತೆಂಗಿನ ಚಿಪ್ಪು ರಾಶಿ ಬಿದ್ದಿರುತ್ತದೆ. ತೊಂದರೆ ಸಾಮಾನಿನದು. ಆನ್‌ಲೈನಿನಲ್ಲಿ ಕಾಣುವ ಅಗ್ಗದ ಅಡೆಗಲ್ಲುಗಳೆಲ್ಲ ಬೀಡಿನವು, ಅಂದರೆ ಎರಕದ ಕಬ್ಬಿಣದವು ಎನ್ನುತ್ತಾರೆ, ಹೊರದೇಶದ ಉಕ್ಕಿನದಕ್ಕೆ ಒಂದು ಹಸುವಿನ ಬೆಲೆ. ಅರಸೀಕೆರೆಯ ಗುಜರಿಯವನೊಬ್ಬ ರೈಲು ಹಳಿಯ ತುಂಡು ಕೊಡಿಸುತ್ತೇನೆ ಎಂದಿದ್ದಾನೆ, ಬಿಲ್ಲು ಕೇಳಿದರೆ ನಗುತ್ತಾನೆ. ತೆಗೆದುಕೊಳ್ಳಬಹುದೇ? ಹಳೆಯ ಇಕ್ಕಳ, ಸುತ್ತಿಗೆ ಎಲ್ಲಿ ಸಿಗುತ್ತವೆ? ಮಚ್ಚಿಗೆ ಗುಜರಿಯಲ್ಲಿ ಯಾವ ಕಬ್ಬಿಣ ಆರಿಸಬೇಕು?

ಹಳಿ ಪಕ್ಕದವನು:

ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು, ಹಳಿಯ ಮಾತಿಗೆ ಮಾತ್ರ ಉತ್ತರಿಸುತ್ತೇನೆ. ಬಿಲ್ಲು ಕೇಳಿದಾಗ ನಕ್ಕನಲ್ಲ, ಅಲ್ಲಿಗೇ ಬಿಟ್ಟುಬಿಡಿ. ರೈಲ್ವೆ ಆಸ್ತಿಯ ಅಕ್ರಮ ಸ್ವಾಧೀನಕ್ಕೆಂದೇ 1966ರ ಕಾಯ್ದೆಯೊಂದಿದೆ. ಕದ್ದವನಿಗಷ್ಟೇ ಅಲ್ಲ, ಕದ್ದದ್ದೆಂಬ ಅನುಮಾನದ ಮಾಲು ಯಾರ ಬಳಿ ಸಿಕ್ಕಿತೋ ಅವನಿಗೂ ಅದು ಅನ್ವಯಿಸುತ್ತದೆ. ನ್ಯಾಯವಾಗಿ ಬಂದದ್ದೆಂದು ತೋರಿಸಬೇಕಾದವರು ನೀವೇ. ಮೊದಲ ತಪ್ಪಿಗೇ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ರೈಲ್ವೆ ತನ್ನ ಹಳೆಯ ಹಳಿಯನ್ನು ಇ-ಹರಾಜಿನಲ್ಲಿ ಮಾರುತ್ತದೆ, ಆದರೆ ಅದು ಟನ್ನುಗಟ್ಟಲೆಯ ವ್ಯವಹಾರ, ನಿಮಗೆ ಒಂದಡಿ ಕೊಯ್ದು ಕೊಡುವವರಿಲ್ಲ. ಹರಾಜಿನಲ್ಲಿ ಕೊಂಡ ವ್ಯಾಪಾರಿಯ ಬಳಿ ಕಾಗದವಿರುತ್ತದೆ. ನಿಮ್ಮ ಹೆಸರಿಗೆ ಬಿಲ್ಲು ಹರಿದು ಕೊಡುವ ಅಂಥವನು ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ, ಹಳಿಯ ಉಕ್ಕಿನಲ್ಲಿ ದೋಷವಿಲ್ಲ.

ನಿವೃತ್ತ ಟರ್ನರ್:

ಮೇಲಿನವರ ಮಾತಿಗೆ ನನ್ನ ಸಹಿಯೂ ಇರಲಿ. ಈಗ ನನ್ನ ಮಾತು ಸ್ವಲ್ಪ ಉದ್ದವಾಗುತ್ತದೆ, ಲೇತಿನ ಮುಂದೆ ನಿಂತು ಆಯುಷ್ಯ ಕಳೆದವನಿಗೆ ಕೇಳಿಸಿಕೊಳ್ಳುವವರು ಸಿಗುವುದೇ ಅಪರೂಪ.

ಮೊದಲು ಆ ಕೊಂಬಿರುವ ಅಡೆಗಲ್ಲಿನ ಚಿತ್ರವನ್ನು ತಲೆಯಿಂದ ತೆಗೆಯಿರಿ. ಅದು ವಿಡಿಯೊ ನೋಡಿ ಹತ್ತುವ ಜ್ವರ. ನಮ್ಮ ಹಳ್ಳಿಯ ಕಮ್ಮಾರರು ಮರದ ಕೊರಡಿನಲ್ಲಿ ಹೂತ ಗಟ್ಟಿ ಉಕ್ಕಿನ ತುಂಡೊಂದರ ಮೇಲೆ ಇಡೀ ಊರಿನ ಗುಳ, ಗುದ್ದಲಿ, ಮಚ್ಚುಗಳನ್ನು ತಟ್ಟಿ ಕೊಟ್ಟಿಲ್ಲವೇ? ಬೇಕಾದದ್ದು ಸುತ್ತಿಗೆ ಬೀಳುವ ಜಾಗದ ನೇರ ಕೆಳಗೆ ತೂಕ. ಉಳಿದದ್ದೆಲ್ಲ ಸೌಕರ್ಯ. ಹಳಿಯನ್ನೇ ನೋಡಿ, ನಾವು ಅದನ್ನು ಮಲಗಿಸಿ ಬಡಿಯುತ್ತೇವೆ. ನಡುವೆ ಅದರ ಸೊಂಟ ತೆಳ್ಳಗಿದೆ, ಏಟಿಗೆ ಕುಣಿಯುತ್ತದೆ. ಅದನ್ನೇ ನೆಟ್ಟಗೆ ನಿಲ್ಲಿಸಿದರೆ ಬೇರೆಯೇ ವಸ್ತು.

ತುಮಕೂರಿಗೆ ಬನ್ನಿ. ಅಂತರಸನಹಳ್ಳಿ, ಹಿರೇಹಳ್ಳಿ, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳಲ್ಲಿ ಶಾಫ್ಟು, ಗೇರು ಕೊರೆಯುವ ಘಟಕಗಳಿವೆ. ಅಲ್ಲಿ ದಪ್ಪ ದುಂಡು ಸರಳನ್ನು ಗರಗಸದಲ್ಲಿ ಕೊಯ್ದಾಗ ಕೊನೆಯ ತುಂಡು ಉಳಿಯುತ್ತದೆ. ಅದು ಅವರಿಗೆ ಬೇಡ, ತಿಂಗಳ ಕೊನೆಗೆ ಗುಜರಿಗೆ ಹೋಗುತ್ತದೆ. ಮಾಲೀಕರನ್ನಲ್ಲ, ಗರಗಸದ ಬಳಿ ನಿಂತವನನ್ನು ವಿಚಾರಿಸಿ, ಏನೇನು ಬಿದ್ದಿದೆಯೆಂದು ಅವನಿಗೇ ಗೊತ್ತಿರುವುದು. ದುಡ್ಡು ಮಾತ್ರ ಕಚೇರಿಯಲ್ಲಿ ಕೊಟ್ಟು ಚೀಟಿ ಪಡೆಯಿರಿ. ಇಎನ್ 8 ಅಥವಾ ಇಎನ್ 19 ಎಂದು ಉಕ್ಕಿನ ದರ್ಜೆ ಹೇಳಿದರೆ ಸಾಕು, ಅರ್ಥವಾಗುತ್ತದೆ. ತೂಕದ ಲೆಕ್ಕ ಕಟ್ಟಡದ ಕಂಬಿ ಕಟ್ಟುವವರಿಗೂ ಗೊತ್ತು: ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ವರ್ಗ ಮಾಡಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ಕಿಲೊ ಬರುತ್ತದೆ. 150 ಮಿ.ಮೀ. ದುಂಡಾದರೆ ಮೀಟರಿಗೆ ಸುಮಾರು 139 ಕಿಲೊ, ಒಂದಡಿ ತುಂಡು 42 ಕಿಲೊ. ಅದನ್ನು ನಿಲ್ಲಿಸಿ ಹೂತುಬಿಟ್ಟರೆ ಕುಡುಗೋಲು, ಮಚ್ಚಿನ ಕೆಲಸಕ್ಕೆ ಬೇರೇನೂ ಬೇಡ. ಬೆಲೆ ಗುಜರಿ ದರಕ್ಕಿಂತ ಮೇಲೆ, ಹೊಸ ಸರಳಿಗಿಂತ ಕೆಳಗೆ ಎಲ್ಲೋ ನಿಲ್ಲಬೇಕು. ಅಷ್ಟು ಚೌಕಾಸಿ ನಿಮಗೆ ಬಿಟ್ಟದ್ದು.

ಹಳೆಯ ಅಡೆಗಲ್ಲೇ ಸಿಕ್ಕಿತು ಎನ್ನಿ. ಬೇರಿಂಗಿನ ಗುಂಡೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಒಂದಡಿ ಎತ್ತರದಿಂದ ಬಿಡಿ. ಒಳ್ಳೆಯ ಮುಖವಾದರೆ ಮುಕ್ಕಾಲು ಎತ್ತರಕ್ಕಾದರೂ ಜಿಗಿಯುತ್ತದೆ. ಬೀಡಾದರೆ ಸತ್ತಂತೆ ಬೀಳುತ್ತದೆ, ದನಿಯೂ ಮಂಕು. ಮುಖದ ಉದ್ದಕ್ಕೂ ಬಿಟ್ಟು ನೋಡಿ, ಒಂದು ಕಡೆ ಮಾತ್ರ ಸತ್ತರೆ ಅಲ್ಲಿ ಒಳಗೆ ಬಿರುಕಿದೆ ಅಥವಾ ಯಾರೋ ವೆಲ್ಡಿಂಗ್ ತುಂಬಿದ್ದಾರೆ.

ಇನ್ನು ಮಚ್ಚಿನ ಉಕ್ಕು. ಗುಜರಿ ಅಂಗಡಿಯಲ್ಲಿ ನಾನು ಮೊದಲು ವಿಚಾರಿಸುವುದು ಅದರ ಹಿಂದಿನ ಉದ್ಯೋಗವನ್ನು. ಬಗ್ಗಿ ಮತ್ತೆ ಎದ್ದು ನಿಲ್ಲುತ್ತಿದ್ದ ವಸ್ತುವೇ? ಹಾಗಾದರೆ ಅದರಲ್ಲಿ ಹದ ನಿಲ್ಲುತ್ತದೆ. ಲಾರಿಯ ಕಮಾನುಪಟ್ಟಿ ಎಲ್ಲಕ್ಕಿಂತ ಸುಲಭ. ರಾಷ್ಟ್ರೀಯ ಹೆದ್ದಾರಿ 73 ನಿಮ್ಮೂರ ಮೇಲೆಯೇ ಹಾದುಹೋಗುತ್ತದೆ. ಅದರ ಬದಿಯಲ್ಲಿ ಕಮಾನು ಕೆಲಸದ ಗ್ಯಾರೇಜುಗಳಿರುತ್ತವೆ, ಮುರಿದ ಪಟ್ಟಿಗಳು ಅಲ್ಲಿ ಗೋಡೆಗೆ ಒರಗಿರುತ್ತವೆ. ಹಳೆಯ ಪಟ್ಟಿ ಬಹುಮಟ್ಟಿಗೆ ಸಿಲಿಕಾನ್-ಮ್ಯಾಂಗನೀಸ್ ಉಕ್ಕು, ಇಂಗಾಲ ಅರ್ಧ ಪ್ರತಿಶತಕ್ಕಿಂತ ಸ್ವಲ್ಪ ಹೆಚ್ಚು. ಕಾರಿನ ತೆಳು ಪಟ್ಟಿ ಸಿಕ್ಕರೆ ಬಡಿಯುವ ಶ್ರಮ ಕಡಿಮೆ. ಆದರೆ ಮುರಿದದ್ದು ದಣಿದು ಮುರಿದಿದೆ, ಉಳಿದ ಭಾಗದಲ್ಲೂ ಕಣ್ಣಿಗೆ ಕಾಣದ ಬಿರುಕಿರಬಹುದು. ತುಕ್ಕು ಉಜ್ಜಿ ಸೀಮೆಎಣ್ಣೆ ಸವರಿ, ಒಂದಿಷ್ಟು ಹೊತ್ತು ಬಿಟ್ಟು ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿ. ಬಿರುಕಿನೊಳಗೆ ಇಳಿದ ಎಣ್ಣೆ ಹೊರಬಂದು ಗೆರೆ ಮೂಡಿಸುತ್ತದೆ. ಆ ಭಾಗವನ್ನು ಕೊಯ್ದು ಎಸೆಯಿರಿ.

ಕಟ್ಟಡದ ಕಂಬಿಯಲ್ಲಿ ಮಚ್ಚು ಮಾಡಬೇಡಿ. ಅದರಲ್ಲಿ ಇಂಗಾಲ 0.3 ಪ್ರತಿಶತವನ್ನೂ ಮೀರುವುದಿಲ್ಲ, ಎಷ್ಟು ಕಾಯಿಸಿ ಅದ್ದಿದರೂ ಬಾಯಿ ನಿಲ್ಲದು. ಕೊಕ್ಕೆ, ಅಗುಳಿ, ಇಕ್ಕಳಕ್ಕೆ ಸರಿ. ಅನುಮಾನ ಬಂದರೆ ಗ್ರೈಂಡರಿಗೆ ತಾಗಿಸಿ ಕಿಡಿ ನೋಡಿ. ಮೆದು ಕಬ್ಬಿಣದ ಕಿಡಿ ಉದ್ದ ಗೆರೆಯಾಗಿ ಹೋಗಿ ಕವಲೊಡೆಯದೆ ಆರುತ್ತದೆ. ಇಂಗಾಲ ಹೆಚ್ಚಿದ್ದರೆ ಸುರುಸುರುಬತ್ತಿಯ ಹಾಗೆ ತುದಿಯಲ್ಲಿ ಸಿಡಿಯುತ್ತದೆ. ಬೀಡಿನ ಕಿಡಿ ಗಿಡ್ಡ, ಮಂಕು ಕೆಂಪು.

ಒಲೆ ಮತ್ತು ಗಾಳಿಯ ಮಾತು ಅಂಗಡಿಗೆ ಸಂಬಂಧಿಸಿದ್ದಲ್ಲವಾದರೂ ಹೇಳಿಬಿಡುತ್ತೇನೆ. ಲಾರಿಯ ಹಳೆಯ ಬ್ರೇಕ್ ಡ್ರಮ್ ಅದೇ ಗ್ಯಾರೇಜಿನಲ್ಲಿ ಸಿಗುತ್ತದೆ, ಅದೇ ನಿಮ್ಮ ಒಲೆ. ಚಿಪ್ಪಿನ ಇದ್ದಿಲು ಬಿಸಿ ಚೆನ್ನಾಗಿ ಕೊಡುತ್ತದೆ, ಆದರೆ ಹಗುರ, ಜೋರು ಗಾಳಿಗೆ ಹಾರಿಹೋಗುತ್ತದೆ. ಸಣ್ಣ ಬ್ಲೋವರಿನ ಬಾಯಿಗೆ ಜಾರುವ ತಗಡೊಂದನ್ನು ಕೂಡಿಸಿ ಗಾಳಿಯನ್ನು ಹಿಡಿತದಲ್ಲಿಡಿ.

ಕಂಬಾರರ ಮಗಳು:

ನಾನು ಗದಗ ಕಡೆಯವಳು. ಅಣ್ಣನವರೇ, ನೀವು ಅಂಗಡಿ, ಆನ್‌ಲೈನು ಎಲ್ಲ ಹುಡುಕಿದ್ದೀರಿ, ಕಮ್ಮಾರರ ಮನೆಯನ್ನೇ ಕೇಳಿಲ್ಲವಲ್ಲ. ಕುಲುಮೆ ಆರಿದ ಮನೆಗಳಲ್ಲಿ ಸಾಮಾನು ಇನ್ನೂ ಇದೆ. ನಮ್ಮ ಮನೆಯಲ್ಲೂ ಇದೆ.

ಆದರೆ ಹೋಗುವ ರೀತಿ ಒಂದಿದೆ. ಒಬ್ಬ ವ್ಯಾಪಾರಿ ನಮ್ಮ ಮನೆಗೆ ಬಂದು ತಕ್ಕಡಿಯನ್ನು ಅಂಗಳದಲ್ಲಿಟ್ಟು "ಹಳೆ ಕಬ್ಬಿಣ ಕಿಲೊಗೆ ಎಷ್ಟು" ಎಂದ. ನಮ್ಮ ತಂದೆ ಎದ್ದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ. ದಸರೆಯ ಆಯುಧಪೂಜೆಯಲ್ಲಿ ಇವತ್ತಿಗೂ ಆ ಅಡೆಗಲ್ಲಿಗೆ ವಿಭೂತಿ, ಹೂವು ಏರುತ್ತದೆ. ತೂಕದ ಲೆಕ್ಕದಲ್ಲಿ ಕೇಳಿದರೆ ಯಾರು ಕೊಡುತ್ತಾರೆ? ಅಮಾವಾಸ್ಯೆಯ ದಿನ ಹೋಗಬೇಡಿ, ನಮ್ಮಲ್ಲಿ ಅಂದು ಕುಲುಮೆಯ ಸಾಮಾನು ಮುಟ್ಟುವುದಿಲ್ಲ. ಇನ್ನೂ ಕೆಲಸ ನಡೆಸುತ್ತಿರುವ ಮನೆಯಾದರೆ ಮುಂಗಾರಿನ ಬಿತ್ತನೆಗೆ ಮುಂಚಿನ ದಿನಗಳಲ್ಲಿಯೂ ಬೇಡ. ಕೂರಿಗೆ, ಕುಂಟೆ, ರಂಟೆ ಎಲ್ಲ ಆಗಲೇ ಬಂದು ಬೀಳುವುದು, ನೀರು ಕುಡಿಯಲೂ ಪುರುಸೊತ್ತಿರುವುದಿಲ್ಲ. ಮೊದಲೆಲ್ಲ ಅದಕ್ಕೆ ದುಡ್ಡಿರಲಿಲ್ಲ, ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಜೋಳದ ಆಯ ಅಳೆದು ಕೊಡುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ರಂಟೆಯೂ ಹೋಯಿತು, ಆಯವೂ ಹೋಯಿತು. ಅಣ್ಣ ವೆಲ್ಡಿಂಗ್ ಅಂಗಡಿ ಹಾಕಿದ. ಮೇಲೆ ನೀವು ಬೈದಿರುವ ಗ್ರೈಂಡರಿನವರಲ್ಲಿ ಅವನಂಥವರೂ ಇದ್ದಾರೆ. ಹಣಿಯಲು ಬರುತ್ತದೆ, ಆದರೆ ಹತ್ತಿಪ್ಪತ್ತು ರೂಪಾಯಿಗೆ ಇದ್ದಿಲು ಹೊತ್ತಿಸಿ ಕೂತರೆ ಮನೆ ನಡೆಯುವುದಿಲ್ಲ.

ನಿಮ್ಮೂರಲ್ಲಿ ಕುಲುಮೆ ನಡೆಸಿದ ಹಿರಿಯರು ಇದ್ದರೆ ಒಂದು ಮೊಂಡು ಮಚ್ಚು ಹಿಡಿದುಕೊಂಡು ಹೋಗಿ. ಕೊಳ್ಳುವ ಮಾತು ಎತ್ತಬೇಡಿ, ಕಲಿಸಿ ಎಂದು ಕೇಳಿ. ಸಾಮಾನು ತಾನಾಗಿ ಹೊರಗೆ ಬರುತ್ತದೆ, ಕೊಡುತ್ತಾರೋ ಎರವಲು ಕೊಡುತ್ತಾರೋ ಅವರಿಗೆ ಬಿಟ್ಟದ್ದು.

ಇಕ್ಕಳವನ್ನು ಮಾತ್ರ ಹಣ ಕೊಟ್ಟು ಹುಡುಕಬೇಡಿ. ತಂದೆಯ ಹತ್ತಿರವಿದ್ದ ಇಕ್ಕಳಗಳೆಲ್ಲ ಅವರೇ ಮಾಡಿಕೊಂಡವು, ಒಂದೊಂದು ದಪ್ಪಕ್ಕೆ ಒಂದೊಂದು. ನಿಮ್ಮ ಕೈಗೂ ನಿಮ್ಮ ಕಬ್ಬಿಣಕ್ಕೂ ಹೊಂದದ ಇಕ್ಕಳದಿಂದ ಕೆಂಪಗಿನ ತುಂಡು ಜಾರಿದರೆ ಅದು ಬೀಳುವುದು ಕಾಲಿನ ಮೇಲೆಯೇ. ಮೊದಮೊದಲು ಉದ್ದನೆಯ ಸರಳನ್ನೇ ಕಾಯಿಸಿ, ತಣ್ಣಗಿನ ತುದಿಯನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿ, ಕೊನೆಗೆ ಕಡಿದರಾಯಿತು.

ಭಾನುವಾರದ ಗಿರಾಕಿ:

ಸುತ್ತಿಗೆ, ಅರ, ವೈಸ್ ಬೇಕಾದರೆ ಬೆಂಗಳೂರಿಗೆ ಒಂದು ಭಾನುವಾರ ಬನ್ನಿ. ಚಿಕ್ಕಪೇಟೆಯ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಆಸುಪಾಸಿನಲ್ಲಿ ಬೆಳಗ್ಗೆಯೇ ಹಳೆಯ ಸಾಮಾನಿನ ಬಜಾರು ಹರಡಿಕೊಳ್ಳುತ್ತದೆ. ಹಿಡಿ ಇಲ್ಲದ ಸುತ್ತಿಗೆಯ ತಲೆಗಳು ಸಿಗುತ್ತವೆ. ಹಿಡಿ ಇಲ್ಲವೆಂದೇ ಬೆಲೆ ಇಳಿಸಿ. ಮುಖದ ಅಂಚು ಒಡೆದು ಚಕ್ಕೆ ಎದ್ದಿದ್ದರೆ ಬೇಡ, ಆ ಚಕ್ಕೆ ಮುಂದೆ ಕಣ್ಣಿಗೆ ಹಾರುತ್ತದೆ. ಹೊಳೆಯುವ ಹೊಸ ಸಾಮಾನು ಅರ್ಧ ಬೆಲೆಗೆ ಬಂದರೆ ಅದು ಎಲ್ಲಿಂದ ಬಂತೆಂದು ಯೋಚಿಸಿ ಕೈ ಹಾಕಿ. ಹಳಿಯ ಕಥೆಯೇ ಇಲ್ಲೂ.

ಇನ್ನೊಂದು, ಇದನ್ನು ಯಾರೂ ಹೇಳಲಿಲ್ಲ. ಗುಜರಿಯಿಂದ ತಂದ ಜಿಐ ಪೈಪು, ತಗಡು, ಬೆಳ್ಳಗೆ ಸತು ಲೇಪಿಸಿದ ಬೋಲ್ಟು ಯಾವುದನ್ನೂ ಬೆಂಕಿಗೆ ಹಾಕಬೇಡಿ. ಸತು ಸುಮಾರು 907 ಡಿಗ್ರಿಗೆ ಕುದಿಯುತ್ತದೆ, ಕುಲುಮೆಯ ಶಾಖ ಅದಕ್ಕಿಂತ ಮೇಲೆ. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ಬೈಕಿನ ಶಾಕ್ ಅಬ್ಸಾರ್ಬರನ್ನು ಇಡಿಯಾಗಿ ಕಾಯಿಸಲೇಬೇಡಿ. ಒಳಗೆ ಎಣ್ಣೆ, ಕೆಲವದರಲ್ಲಿ ಒತ್ತಿ ತುಂಬಿದ ಅನಿಲವೂ ಇರುತ್ತದೆ, ಸಿಡಿಯುತ್ತದೆ. ಹೊರಗಿನ ಸುರುಳಿಯನ್ನು ಬಿಚ್ಚಿಕೊಳ್ಳಿ, ಅದರಲ್ಲಿ ಒಳ್ಳೆಯ ಉಳಿ ಆಗುತ್ತದೆ.

ಹುಳಿಯಾರು ರಸ್ತೆ:

ಎಲ್ಲರಿಗೂ ನಮಸ್ಕಾರ. ಹಳಿಯ ಆಸೆ ಬಿಟ್ಟೆ. ಪಕ್ಕದೂರಿನಲ್ಲಿ ಹಿಂದೆ ಕುಲುಮೆ ನಡೆಸಿದ ಅಜ್ಜರೊಬ್ಬರಿದ್ದಾರೆ, ಅಕ್ಕನವರು ಹೇಳಿದಂತೆ ಮಚ್ಚು ಹಿಡಿದು ಹೋದೆ. ಅಡೆಗಲ್ಲು ಕೊಡುವುದಿಲ್ಲವಂತೆ, ಖಡಾಖಂಡಿತ. ಸೋಮವಾರ ಬಂದರೆ ಬೆಂಕಿ ಹಾಕುವುದನ್ನು ತೋರಿಸುತ್ತೇನೆ ಎಂದರು. ತಿದಿಯ ಚರ್ಮವನ್ನು ಇಲಿ ತಿಂದಿದೆ, ಬ್ಲೋವರ್ ನೀನೇ ತಾ ಎಂದೂ ಹೇಳಿದರು.

ಟರ್ನರ್ ಸರ್, ಅಂತರಸನಹಳ್ಳಿಯ ಒಂದು ಘಟಕದಲ್ಲಿ 130 ಮಿ.ಮೀ. ದುಂಡಿನ 40 ಸೆಂ.ಮೀ. ತುಂಡಿದೆ, ಇಎನ್ 8. ತುದಿಗೆ ಹದ ಹಾಕಿಸಬೇಕೇ? ಮಚ್ಚನ್ನು ನೀರಿನಲ್ಲಿ ಅದ್ದಲೋ ಎಣ್ಣೆಯಲ್ಲೋ?

ನಿವೃತ್ತ ಟರ್ನರ್:

ಲೆಕ್ಕ ಹಾಕಿದರೆ 41 ಕಿಲೊ ಮೇಲೆ ಬರುತ್ತದೆ, ಬಿಡಬೇಡಿ. ಹದ ಬೇಡ. ಅಷ್ಟು ದಪ್ಪವನ್ನು ಮನೆಯಲ್ಲಿ ಕಾಯಿಸುವುದೂ ಆಗದು, ಅದ್ದುವುದೂ ಆಗದು. ಅಲ್ಲಿಯೇ ಲೇತಿನಲ್ಲಿ ಒಂದು ತುದಿಯನ್ನು ಸಮ ಮಾಡಿಸಿ, ಅಂಚನ್ನು ಅರ್ಧ ಸುತ್ತು ಮಾತ್ರ ಸ್ವಲ್ಪ ದುಂಡಗೆ ಉಜ್ಜಿಸಿ, ಉಳಿದರ್ಧ ಚೂಪಾಗಿರಲಿ. ಎರಡೂ ಬೇಕಾಗುತ್ತವೆ. ಕಾಯದ ತಣ್ಣನೆಯ ಉಕ್ಕನ್ನು ಅದರ ಮೇಲಿಟ್ಟು ಬಡಿಯದಿದ್ದರೆ ಮುಖ ಕೆಡುವುದಿಲ್ಲ. ಹೂಳಲು ಹುಣಸೆ ಅಥವಾ ಜಾಲಿಯ ಕೊರಡು. ಎತ್ತರವನ್ನು ಅಜ್ಜರನ್ನೇ ಕೇಳಿ, ಅವರು ಕೂತು ಬಡಿಯುವವರು, ನೀವು ನಿಂತು ಬಡಿಯುವವರಾದರೆ ಮುಷ್ಟಿ ಬಿಗಿದು ಕೈ ಇಳಿಬಿಟ್ಟಾಗ ಬೆರಳ ಗೆಣ್ಣು ತಾಗುವಷ್ಟು.

ಕಮಾನುಪಟ್ಟಿಗೆ ಎಣ್ಣೆ. ನೀರಿಗೆ ಹಾಕಿದರೆ ಬಿರಿಯುವ ಸಂಭವ ಹೆಚ್ಚು. ಆಯಸ್ಕಾಂತ ಅಂಟದಷ್ಟು ಕಾದ ಮೇಲೆ ಇನ್ನೂ ಒಂದು ಛಾಯೆ ಏರಿಸಿ, ಎಣ್ಣೆಗೆ ನೇರವಾಗಿ ಇಳಿಸಿ. ಎಣ್ಣೆಯ ಡಬ್ಬ ಕಬ್ಬಿಣದ್ದಿರಲಿ, ಮುಚ್ಚಳ ಕೈಗೆಟಕುವ ಕಡೆ ಇರಲಿ. ಆಮೇಲೆ ಹೊಳಪು ಬರುವಂತೆ ಉಜ್ಜಿ, ಬೆನ್ನಿನ ಕಡೆಯಿಂದ ನಿಧಾನವಾಗಿ ಕಾಯಿಸಿ. ಬಾಯಿಯ ಬಣ್ಣ ಒಣಹುಲ್ಲಿನಿಂದ ಕಂದಿಗೆ ತಿರುಗಿ ನೇರಳೆ ಮೂಡುವಾಗ ನಿಲ್ಲಿಸಿ. ತೆಂಗಿನ ಗರಿ ಕಡಿಯುವ ಮಚ್ಚಿಗೆ ಅಷ್ಟು ಮೆದು ಬೇಕು. ಅಜ್ಜರು ಬೇರೆ ಬಣ್ಣ ಹೇಳಿದರೆ ಅವರು ಹೇಳಿದ್ದನ್ನೇ ಮಾಡಿ, ಇಲ್ಲಿ ಬಂದು ನಮಗೂ ತಿಳಿಸಿ.