ಅಮ್ಮನ ವಿಟಮಿನ್ ಡಿ 11ಕ್ಕೆ ಇಳಿದಿದೆ, ಅನುಭವ ಇದ್ದವರು ಹೇಳಿ

ಅಮ್ಮನಿಗೆ 58 ವರ್ಷ. ಸೊಂಟ, ತೊಡೆ ನೋವು. ಕೆಳಗೆ ಕೂತರೆ ಗೋಡೆ ಹಿಡಿದೇ ಏಳಬೇಕು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ 11 ಬಂದಿದೆ. ದಿನಾ ಎಳೆ ಬಿಸಿಲಲ್ಲಿ ವಾಕಿಂಗ್ ಹೋಗುತ್ತಾರೆ, ರಾಗಿ ಮುದ್ದೆ ಉಣ್ಣುತ್ತಾರೆ. ಆದರೂ ಯಾಕೆ ಹೀಗೆ? ಡಾಕ್ಟರ್ ವಾರಕ್ಕೊಂದು 60,000 ಯೂನಿಟ್ ಪುಡಿ ಬರೆದಿದ್ದಾರೆ. ಕೊಡಲು ಭಯ ಆಗುತ್ತಿದೆ.

ಮೈಸೂರಿನಿಂದ: ಭಯ ಬೇಡಮ್ಮ. 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತಲೇ ಲೆಕ್ಕ. ನಮ್ಮ ಅತ್ತೆಗೂ ಇದೇ ಪುಡಿ, ವಾರಕ್ಕೊಂದರಂತೆ ಎಂಟು ವಾರ ಕೊಟ್ಟಿದ್ದರು. ಊಟ ಆದ ಮೇಲೆ ಹಾಲಿಗೆ ಕಲಸಿ ಕೊಡಿ. ಜಿಡ್ಡಿನ ಅಂಶ ಇದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ನೋವು ಒಂದೇ ವಾರಕ್ಕೆ ಹೋಗಲಿಲ್ಲ, ನಿಧಾನಕ್ಕೆ ಇಳಿಯಿತು. ರಾಗಿ ಬಿಡಬೇಡಿ, ಅದರಲ್ಲಿ ಕ್ಯಾಲ್ಸಿಯಂ ಜಾಸ್ತಿ. ಆದರೆ ಆ ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಬೇಕಾದರೆ ಡಿ ಬೇಕು. ಇಲ್ಲದಿದ್ದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ.

ದಾವಣಗೆರೆಯಿಂದ, ನರ್ಸ್: ಎಳೆ ಬಿಸಿಲು ಒಳ್ಳೆಯದು ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರೆ, ಅಲ್ವಾ? ವಾಕಿಂಗ್‌ಗೆ ಹಿತವೇ. ಆದರೆ ಚರ್ಮದಲ್ಲಿ ಡಿ ತಯಾರಾಗಲು ಬೇಕಾದ ಯುವಿಬಿ ಕಿರಣ ಆ ಹೊತ್ತಿನಲ್ಲಿ ತೀರಾ ಕಡಿಮೆ. ಬಿಸಿಲಲ್ಲಿ ನಿಂತು ನೆರಳು ನೋಡಿ. ನಿಮ್ಮ ಎತ್ತರಕ್ಕಿಂತ ನೆರಳು ಗಿಡ್ಡ ಇದ್ದರೆ ಅದು ಸರಿಯಾದ ಹೊತ್ತು. ನಮ್ಮ ಕಡೆ ಸುಮಾರು ಹತ್ತೂವರೆಯಿಂದ ಮೂರರವರೆಗೆ. ಕೈಕಾಲಿಗೆ ಸ್ವಲ್ಪ ಹೊತ್ತು ನೇರ ಬಿಸಿಲು ಬೀಳಲಿ, ಚರ್ಮ ಉರಿಯುವ ತನಕ ಬೇಡ. ಕಿಟಕಿ ಗಾಜಿನ ಹಿಂದೆ ಕೂತರೆ ಉಪಯೋಗವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಬಣ್ಣ ಕಪ್ಪಿದ್ದವರಿಗೆ, ವಯಸ್ಸಾದವರಿಗೆ ಜಾಸ್ತಿ ಹೊತ್ತು ಬೇಕು. ಆದರೆ 11ಕ್ಕೆ ಇಳಿದ ಮೇಲೆ ಬರೀ ಬಿಸಿಲು ನಂಬಿ ಔಷಧಿ ತಪ್ಪಿಸಬೇಡಿ.

ಮಂಗಳೂರಿನಿಂದ: ಮೀನು ತಿನ್ನುವವರಾದರೆ ಬೂತಾಯಿ, ಬಂಗುಡೆ ಮಾಡಿ. ಮೊಟ್ಟೆಯ ಹಳದಿಯಲ್ಲೂ ಸ್ವಲ್ಪ ಇದೆ. ಸಸ್ಯಾಹಾರಿಗಳು ಹಾಲಿನ ಪ್ಯಾಕೆಟ್ ಮೇಲೆ '+ಎಫ್' ಗುರುತು ಇದೆಯಾ ನೋಡಿ ತನ್ನಿ. ಅಂಥ ಹಾಲಿಗೆ ಎ, ಡಿ ವಿಟಮಿನ್ ಸೇರಿಸಿರುತ್ತಾರೆ.

ಲಂಡನ್‌ನಿಂದ: ಇಲ್ಲಿ ಚಳಿಗಾಲದ ಬಿಸಿಲಿಗೆ ಡಿ ತಯಾರಾಗುವುದೇ ಇಲ್ಲ ಅನ್ನಬಹುದು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ದಿನಕ್ಕೆ 10 ಮೈಕ್ರೋಗ್ರಾಂ, ಅಂದರೆ 400 ಯೂನಿಟ್ ತೆಗೆದುಕೊಳ್ಳುವ ಬಗ್ಗೆ ಯೋಚಿಸಿ ಅಂತ ಸರ್ಕಾರವೇ ಹೇಳುತ್ತದೆ. ನಮ್ಮಂಥ ಬಣ್ಣದವರಿಗೆ ವರ್ಷಪೂರ್ತಿ.

ಹುಬ್ಬಳ್ಳಿಯಿಂದ: ವಾರಕ್ಕೊಂದು ಅನ್ನೋದನ್ನು ಅಮ್ಮನಿಗೆ ಒತ್ತಿ ಹೇಳಿ. ನಮ್ಮ ದೊಡ್ಡಪ್ಪ ದಿನಕ್ಕೊಂದು ಅಂದುಕೊಂಡು ತಿಂಗಳುಗಟ್ಟಲೆ ತೆಗೆದುಕೊಂಡರು. ಊಟ ಸೇರದು, ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡಿದರೂ ದಾಹ. ಮಾತು ತೊದಲಿದಾಗ ಆಸ್ಪತ್ರೆಗೆ ಸೇರಿಸಿದೆವು. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಬೇಡದ್ದು ಮೂತ್ರದಲ್ಲಿ ಹೋಗಿಬಿಡುತ್ತದೆ ಅಂತ ಅಂದುಕೊಳ್ಳಬೇಡಿ. ಡಿ ಕೊಬ್ಬಿನಲ್ಲಿ ಶೇಖರವಾಗುತ್ತದೆ, ಇಳಿಯಲು ತಿಂಗಳುಗಳೇ ಬೇಕು. ನಾವೀಗ ಕ್ಯಾಲೆಂಡರ್‌ನಲ್ಲಿ ಭಾನುವಾರಕ್ಕೆ ಗುರುತು ಹಾಕಿ, ಅಂದು ಮಾತ್ರ ಪುಡಿ ಕೈಗೆ ಕೊಡುತ್ತೇವೆ. ಕೋರ್ಸ್ ಮುಗಿದ ಮೇಲೆ ನೀವೇ ಮತ್ತೆ ತಂದು ಶುರು ಮಾಡಬೇಡಿ, ಡಾಕ್ಟರ್‌ಗೆ ತೋರಿಸಿ. ಅಮ್ಮನಿಗೆ ಕಿಡ್ನಿ ಕಲ್ಲಿನ ತೊಂದರೆ ಇದ್ದರೆ ಮೊದಲ ಪುಡಿ ಕೊಡುವ ಮುಂಚೆಯೇ ಡಾಕ್ಟರ್‌ಗೆ ಹೇಳಿ.